ಹೆಣಿಗೆ, ಓದು ಮತ್ತು ನಾಲ್ಕು ಗಂಟೆಯ ಕಾಯುವಿಕೆ

ನಮ್ಮ ಮಾವನವರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕು. ಯಂತ್ರದ ಮುಂದೆ 4 ಗಂಟೆ. ಅದಕ್ಕೆ ಮೊದಲು ತೂಕ, ರಕ್ತದೊತ್ತಡ ನೋಡುವುದು, ಮುಗಿದ ಮೇಲೆ ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸುವುದು, ಎಲ್ಲ ಸೇರಿದರೆ ಐದು ಗಂಟೆಗೆ ಕಡಿಮೆಯಿಲ್ಲ. ಅಷ್ಟು ಹೊತ್ತೂ ನಾನು ಹೊರಗಿನ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಫೋನು ನೋಡುತ್ತಾ ಕೂರಬಹುದಲ್ಲ ಎನ್ನುವವರಿದ್ದಾರೆ. ನೋಡಿಯೂ ಆಯಿತು, ಕಣ್ಣು ಉರಿಯಿತೇ ಹೊರತು ಹೊತ್ತು ಹೋಗಲಿಲ್ಲ.

ಮೊದಲ ಕೆಲವು ವಾರ ಕಾದಂಬರಿಗಳನ್ನು ಒಯ್ದೆ. ತೊಂದರೆ ಗೊತ್ತಾದದ್ದು ಒಂದು ಮಧ್ಯಾಹ್ನ, ನರ್ಸ್ ಎರಡು ಸಲ ಕರೆದದ್ದು ನನಗೆ ಕೇಳಿಸದೆ, ಪಕ್ಕದಲ್ಲಿದ್ದವರು ಭುಜ ಮುಟ್ಟಿ ಎಬ್ಬಿಸಬೇಕಾದಾಗ. ಓದು ಕಣ್ಣನ್ನಷ್ಟೇ ಅಲ್ಲ, ಕಿವಿಯನ್ನೂ ಕಟ್ಟಿಹಾಕುತ್ತದೆ. ಹೆಣಿಗೆ ಹಾಗಲ್ಲ, ಕೈಗೆ ಕೆಲಸ ಕೊಟ್ಟು ಕಿವಿಯನ್ನು ಬಿಟ್ಟುಬಿಡುತ್ತದೆ. ಅಮ್ಮ ಚಿಕ್ಕಂದಿನಲ್ಲಿ ಕಲಿಸಿ ನಾನು ಮರೆತಿದ್ದ ಸೀದಾ, ಉಲ್ಟಾ ಎಂಬ ಹೆಣಿಗೆಯ ಎರಡು ಮೂಲ ಕುಣಿಕೆಗಳನ್ನು ನೆನಪಿಸಿಕೊಂಡು ಮತ್ತೆ ಕಡ್ಡಿ ಹಿಡಿದದ್ದು ಹೀಗೆ.

ಏನು ಹೆಣೆಯಬೇಕೆಂಬುದನ್ನು ಮಾವನವರೇ ತೋರಿಸಿಕೊಟ್ಟರು. ಡಯಾಲಿಸಿಸ್ ನಡೆಯುವಾಗ ಅವರಿಗೆ ಚಳಿಯಾಗುತ್ತದೆ, ಮೇಲಿಂದ ಎಸಿ ಬೇರೆ. ಸೂಜಿ ಚುಚ್ಚಿದ ಕೈಯನ್ನು ಮಾತ್ರ ಮುಚ್ಚುವಂತಿಲ್ಲ, ಅದು ಸದಾ ಸಿಬ್ಬಂದಿಯ ಕಣ್ಣಿಗೆ ಕಾಣುತ್ತಿರಬೇಕು. ಆದ್ದರಿಂದ ಕಾಲಿನಿಂದ ಸೊಂಟದವರೆಗೆ ಬರುವ ಸಣ್ಣ ಹೊದಿಕೆಯೇ ಸರಿ ಎನಿಸಿತು. ಆಸ್ಪತ್ರೆಗೆ ಹೋಗಿಬರುವ ಬಟ್ಟೆಯನ್ನು ಪ್ರತಿ ಸಲ ಒಗೆಯಬೇಕಾಗುವುದರಿಂದ ಶುದ್ಧ ಉಣ್ಣೆಯ ಆಸೆ ಬಿಟ್ಟು, ವಾಷಿಂಗ್ ಮೆಷಿನ್ನಿಗೆ ಹಾಕಬಹುದಾದ ಅಕ್ರಿಲಿಕ್ ದಾರವನ್ನೇ ತಂದೆ. 4 ಮಿ.ಮೀ. ಕಡ್ಡಿ, ಅಂದರೆ ಹಳೆಯ ಲೆಕ್ಕದ 8ನೆಯ ನಂಬರು. ನೇರ ಕಡ್ಡಿಗಳಿಂದ ಮೊಣಕೈ ಪಕ್ಕದವರಿಗೆ ತಾಗುತ್ತದೆಂದು, ನಡುವೆ ಪ್ಲಾಸ್ಟಿಕ್ ತಂತಿಯಿರುವ ಜೋಡಿಯನ್ನು ಆರಿಸಿಕೊಂಡೆ. ಹೊದಿಕೆಯ ಭಾರವೆಲ್ಲ ಮಡಿಲ ಮೇಲೆ ಕೂರುವುದರಿಂದ ಮಣಿಕಟ್ಟೂ ನೋಯುವುದಿಲ್ಲ.

150 ಕುಣಿಕೆ ಹಾಕಿದರೆ ನನ್ನ ಕೈಯ ಬಿಗಿಗೆ ಸುಮಾರು 75 ಸೆಂ.ಮೀ. ಅಗಲ ಬರುತ್ತದೆ. ಅಂಚಿನಿಂದ ಅಂಚಿಗೆ ಬರೀ ಸೀದಾ, ಎರಡು ಬದಿಗೂ ಅದೇ. ನೋಡುವವರಿಗೆ ಇದು ಬೇಸರದ ಹೆಣಿಗೆ. ನನಗೆ ಬೇಕಾಗಿದ್ದುದು ಅಂಥ ಬೇಸರವೇ, ಏಕೆಂದರೆ ಹತ್ತು ಹದಿನೈದು ಸಾಲುಗಳಾಗುವಷ್ಟರಲ್ಲಿ ಬೆರಳು ತಾನಾಗಿ ಕುಣಿಕೆಯನ್ನು ಹುಡುಕಿಕೊಳ್ಳುತ್ತದೆ, ಕಣ್ಣಿಗೆ ಬಿಡುವಾಗುತ್ತದೆ. ಆ ಬಿಡುವಿನಲ್ಲಿ ಪುಸ್ತಕ ಮರಳಿ ಬಂತು. ಹೊಲಿದು ಕಟ್ಟಿದ ಹಳೆಯ ಪುಸ್ತಕವಾದರೆ ಮಡಿಲಲ್ಲಿ ತೆರೆದಿಟ್ಟಂತೆಯೇ ಇರುತ್ತದೆ. ಅಂಟು ಹಾಕಿದವು ಮುಚ್ಚಿಕೊಳ್ಳುವುದರಿಂದ ಎರಡು ಬದಿಗೂ ಬಟ್ಟೆ ಕ್ಲಿಪ್ ಹಾಕಬೇಕು. ಕಾದಂಬರಿ ಮಾತ್ರ ಈ ಹೊತ್ತಿಗೆ ಆಗದು. ಕತೆ ಬಿಗಿಯಾದಂತೆ ದಾರವೂ ಬಿಗಿಯಾಗಿ, ಒಂದು ಅಂಗೈ ಅಗಲದಷ್ಟು ಹೊದಿಕೆ ನಡುವೆ ಸೊಂಟದಂತೆ ಒಳಸೇರಿತ್ತು, ಬಿಚ್ಚಬೇಕಾಯಿತು. ವಚನಗಳು ಚೆನ್ನಾಗಿ ಒಗ್ಗಿದವು: ಒಂದನ್ನು ಓದಿ ಪುಸ್ತಕದಿಂದ ಕಣ್ಣೆತ್ತಿದರೆ, ಒಂದು ಸಾಲು ಹೆಣೆಯುವವರೆಗೂ ಅದು ಬಾಯಲ್ಲಿರುತ್ತದೆ. ಲಲಿತ ಪ್ರಬಂಧವೂ ಪರವಾಗಿಲ್ಲ. ಕಾದಂಬರಿಯನ್ನು ರಾತ್ರಿ ಮನೆಯಲ್ಲಿ, ಯಾರೂ ಕರೆಯದ ಹೊತ್ತಿನಲ್ಲಿ ಓದುತ್ತೇನೆ.

ಒಂದು ದಿನಕ್ಕೆ 20 ಸಾಲು ಮುಗಿದರೆ ದೊಡ್ಡದು. ಸುಮಾರು 400 ಸಾಲಿಗೆ ಒಂದು ಮೀಟರ್ ಉದ್ದವಾಗುವುದರಿಂದ, ಮೊದಲ ಹೊದಿಕೆಗೆ ಹತ್ತು ವಾರ ಹಿಡಿಯಿತು. ನಾನು ಕಟ್ಟುನಿಟ್ಟಾಗಿ ಪಾಲಿಸುವ ನಿಯಮ ಒಂದೇ, ಸಾಲಿನ ನಡುವೆ ಕೆಲಸ ನಿಲ್ಲಿಸಬಾರದು. ಹೆಸರು ಕೂಗಿದಾಗ ಅದನ್ನೂ ಮುರಿಯಬೇಕಾಗುತ್ತದೆ; ಆಗ ಕುಣಿಕೆಗಳನ್ನು ತಂತಿಯ ನಡುಭಾಗಕ್ಕೆ ಸರಿಸಿ ಎದ್ದರೆ ಒಂದೂ ಜಾರುವುದಿಲ್ಲ. ಜಾರಿದರೂ ಚೀಲದಲ್ಲಿ ಕ್ರೋಶಾ ಕಡ್ಡಿಯಿದೆ, ಎತ್ತಿಕೊಳ್ಳಬಹುದು.

ಈಗ ಎರಡನೆಯ ಹೊದಿಕೆ ನಡೆಯುತ್ತಿದೆ, ಒಂದು ಒಗೆತದಲ್ಲಿದ್ದಾಗ ಇನ್ನೊಂದು ಇರಲಿ ಎಂದು. ಸಾಲುಗಳ ಲೆಕ್ಕವನ್ನು ಪುಸ್ತಕದ ನಡುವೆ ಗುರುತಿಗಿಟ್ಟ ಚೀಟಿಯಲ್ಲೇ ಗೀಟು ಹಾಕಿ ಬರೆಯುತ್ತಿದ್ದೆ. ಹೋದ ವಾರ ಗ್ರಂಥಾಲಯಕ್ಕೆ ಪುಸ್ತಕ ಹಿಂತಿರುಗಿಸಿದಾಗ ಚೀಟಿಯೂ ಅದರೊಂದಿಗೆ ಹೋಯಿತು. ಬರೀ ಸೀದಾ ಹೆಣಿಗೆಯಲ್ಲಿ ಪ್ರತಿ ಎರಡು ಸಾಲಿಗೆ ಒಂದು ಏಣು ಮೂಡುವುದರಿಂದ, ಕಿಟಕಿಯ ಬೆಳಕಿಗೆ ಹಿಡಿದು ಏಣುಗಳನ್ನು ಎಣಿಸಿದೆ: 73. ಇನ್ನು 254 ಸಾಲು ಬಾಕಿ.