ಕುಸಾನೋನೆ ಅನುದಾನ: ಕಾಗದಪತ್ರ ಮೊದಲು, ಅರ್ಜಿ ಕೊನೆಗೆ

‘ದಿಲ್ಲಿಯಲ್ಲಿ ಜನ ಬೇಕು ಮಾರಾಯ್ರೆ, ಪ್ರೊಪೋಸಲ್ ಬರೆಯಲಿಕ್ಕೆ ಕನ್ಸಲ್ಟೆಂಟ್ ಬೇಕು, ಸಣ್ಣ ಟ್ರಸ್ಟಿಗೆಲ್ಲ ಅದು ಆಗುವ ಹೋಗುವ ಕೆಲಸ ಅಲ್ಲ.’ ಉಡುಪಿ, ಮಂಗಳೂರಿನ ಸಂಸ್ಥೆಗಳವರು ನಾಲ್ಕು ಜನ ಸೇರಿದಲ್ಲಿ ವಿದೇಶಿ ಸರಕಾರಗಳ ಅನುದಾನದ ವಿಷಯ ಬಂದರೆ ಕೇಳುವ ಮಾತು ಇದೇ. ನಮ್ಮ ಸಂಸ್ಥೆಯ ಅರ್ಜಿಯೂ ಎರಡು ಸಲ ತಿರಸ್ಕೃತವಾಗಿ ಬಿದ್ದಿತ್ತು. ಮೂರನೆಯ ಸಲ, ಜಪಾನ್ ಸರಕಾರದ ‘ಕುಸಾನೋನೆ’ ಅನುದಾನಕ್ಕೆ ಹಾಕುವಾಗ, ಕೆಲಸದ ಕ್ರಮವನ್ನೇ ತಲೆಕೆಳಗು ಮಾಡಿದೆವು. ಜಾಗದ ದಾಖಲೆ, ಕೊಟೇಶನ್, ನಿರ್ವಹಣೆಯ ನಿರ್ಣಯ, ನೀರಿನ ಲೆಕ್ಕ ಎಲ್ಲ ಕೈಗೆ ಬಂದ ಮೇಲೆ ಅರ್ಜಿ ಬರೆಯಲು ಕುಳಿತದ್ದು. ಅರ್ಜಿಗೆ ಹಿಡಿದದ್ದು ನಾಲ್ಕು ಸಂಜೆ, ಕಾಗದಪತ್ರಕ್ಕೆ ಹದಿಮೂರೋ ಹದಿನಾಲ್ಕೋ ತಿಂಗಳು. ಆರು ಶಾಲೆಗಳಿಗೆ ಆರು ಮಳೆನೀರಿನ ಟ್ಯಾಂಕಿ, ಒಟ್ಟು ಮೂವತ್ತು ಲಕ್ಷದ ಆಸುಪಾಸು. ಕನ್ಸಲ್ಟೆಂಟಿಗೆ ಹೋದದ್ದು ಸೊನ್ನೆ.

ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ, ನೀತಿ ಆಯೋಗದ ದರ್ಪಣ್ ಐಡಿ, ಆಡಿಟ್ ವರದಿ ಇವೆಲ್ಲ ಇದ್ದವರಿಗಾಗಿ ಈ ಬರಹ. ಇಲ್ಲದವರು ಮೊದಲು ಅಲ್ಲಿಂದ ಶುರುಮಾಡಬೇಕು.

ಜಪಾನ್ ಸರಕಾರದ ತಳಮಟ್ಟದ ಅನುದಾನ 1989ರಿಂದ ಇದೆ. ಅವರ ಭಾಷೆಯಲ್ಲಿ ‘ಕುಸಾನೋನೆ’, ಅಂದರೆ ಹುಲ್ಲಿನ ಬೇರು. ಕರ್ನಾಟಕದವರು ಅರ್ಜಿ ಹಾಕುವುದು ಬೆಂಗಳೂರಿನ ಜಪಾನ್ ಕಾನ್ಸುಲೇಟಿಗೆ. ನಾವು ಅರ್ಜಿ ಹಾಕಿದಾಗ ಸಾಮಾನ್ಯ ಮಿತಿ 1 ಕೋಟಿ ಯೆನ್ ಇತ್ತು. ಕೋಟಿ ಎಂದು ಕೇಳಿ ಹಿಗ್ಗಬೇಡಿ. ಯೆನ್ ಗಟ್ಟಿಯಿದ್ದ ಕಾಲದಲ್ಲಿ ಅದು 70 ಲಕ್ಷ ರೂಪಾಯಿಯ ಹತ್ತಿರ ಇತ್ತು, ಯೆನ್ ಬಿದ್ದ ಮೇಲೆ 55–60 ಲಕ್ಷ. ಮಿತಿಯ ಅಂಚಿಗೆ ಬಜೆಟ್ ಮಾಡಿದವರು ದರ ಇಳಿದಾಗ ಕೊನೆಯ ಕಟ್ಟಡವನ್ನೇ ಕೈಬಿಡಬೇಕಾಗುತ್ತದೆ. ಮಿತಿಯ ಅರ್ಧದಷ್ಟಕ್ಕೇ ನಿಂತದ್ದು ನಮಗೆ ಒಳ್ಳೆಯದೇ ಆಯಿತು.

ಮೊದಲ ಅರ್ಜಿ ಬಿದ್ದದ್ದು ಸಂಬಳದಿಂದ. ಅದು ಬೇರೊಂದು ದೇಶದ ದೂತಾವಾಸಕ್ಕೆ ಹಾಕಿದ್ದು. ಬಜೆಟ್‌ನಲ್ಲಿ ನೂರಕ್ಕೆ ಸುಮಾರು 40 ಪಾಲು ಕೋಆರ್ಡಿನೇಟರ್, ವಾಹನ, ತರಬೇತಿ ಎಂದು ಹೋಗಿತ್ತು. ಜಪಾನಿನವರ ಅನುದಾನದಲ್ಲಿ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲಿಗೆ ಜಾಗವೇ ಇಲ್ಲ. ಕಟ್ಟಡ, ಯಂತ್ರ, ಸಾಮಾನು ಅಷ್ಟೆ. ‘ಇತರೆ’ ಎಂಬ ಸಾಲೂ ನಿಲ್ಲುವುದಿಲ್ಲ. ಆಡಿಟರ ಫೀ ಸೇರಿಸಬಹುದೇ ಎಂದು ಮಾತ್ರ ಮೊದಲೇ ಕೇಳಿ. ಕೇಳದೆ ಬಿಟ್ಟರೆ ಆಮೇಲೆ ಸಂಸ್ಥೆಯ ಗಂಟಿನಿಂದ ಹೋಗುತ್ತದೆ.

ಎರಡನೆಯದು ಬಿದ್ದದ್ದು ಪಹಣಿಯಿಂದ, ಅಂದರೆ ಆರ್‌ಟಿಸಿಯಿಂದ. ನಮ್ಮ ಕಡೆಯ ಹಳೆ ಶಾಲೆಗಳ ಜಾಗ ಯಾರೋ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ದಾನಪತ್ರ ಇರುವುದಿಲ್ಲ, ಪಹಣಿಯಲ್ಲಿ ಇವತ್ತಿಗೂ ಅವರ ಅಪ್ಪನ ಹೆಸರು. ಮೊಮ್ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ. ಒಂಬತ್ತು ಶಾಲೆ ಪಟ್ಟಿ ಮಾಡಿದ್ದರಲ್ಲಿ ಮೂರು ಇದರಲ್ಲೇ ಹೋಯಿತು. ಹೆಡ್ಮಾಸ್ತರರ ಪತ್ರ, ಬಿಇಒ ಪತ್ರ ಸಾಕು ಎಂದುಕೊಂಡಿದ್ದೆವು, ಸಾಲದು. ಆರ್‌ಟಿಸಿ, ನಕ್ಷೆ, ಡಿಡಿಪಿಐ ಅವರ ನಿರಾಕ್ಷೇಪಣೆ ಮೂರೂ ಒಟ್ಟಿಗೆ ಬೇಕು, ಮೂರರಲ್ಲೂ ಸರ್ವೆ ನಂಬರ್ ಒಂದೇ ಇರಬೇಕು. ಅಳಿವೆಯ ಪಕ್ಕದ ಶಾಲೆಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕೂಡ ನೋಡಿ. ಕಡಲು ದೂರ ಇದೆಯಲ್ಲ ಎಂದು ಬಿಡಬೇಡಿ, ಉಬ್ಬರ ಏರುವ ನದಿಯ ದಡಕ್ಕೂ ಅದು ಅನ್ವಯ.

ಇನ್ನು ಅಗತ್ಯ ತೋರಿಸುವ ಭಾಗ. ‘ಗ್ರಾಮಸ್ಥರು ಕುಡಿಯುವ ನೀರಿಗೆ ಪರದಾಡುತ್ತಿದ್ದಾರೆ’ ಎಂದು ಎರಡು ಪುಟ ಬರೆದರೆ ಯಾರೂ ಓದುವುದಿಲ್ಲ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಸಾವಿರ ರೂಪಾಯಿಯ ಒಂದು ಟಿಡಿಎಸ್ ಮೀಟರ್ ತಂದು ಕೆಮ್ಮಣ್ಣು, ಹೂಡೆ, ಕೋಡಿಬೆಂಗ್ರೆ ಕಡೆಯ ಶಾಲೆ ಬಾವಿಗಳ ನೀರನ್ನು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಉಬ್ಬರದ ಸಮಯ ನೋಡಿಕೊಂಡು ಅಳೆದೆವು. ಡಿಸೆಂಬರ್ ತನಕ ಲೀಟರಿಗೆ 200–300 ಮಿಲಿಗ್ರಾಂ ಒಳಗೆ. ಫೆಬ್ರವರಿ ಅರ್ಧಕ್ಕೆ 800 ದಾಟುತ್ತದೆ. ಏಪ್ರಿಲ್‌ನಲ್ಲಿ ಎರಡು ಬಾವಿ 2,000ದ ಮೇಲೆ. ಐಎಸ್ 10500 ಪ್ರಕಾರ ಕುಡಿಯುವ ನೀರಿಗೆ 500 ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000 ತನಕ. ಹನ್ನೆರಡು ತಿಂಗಳ ಅಂಕಿಯನ್ನು ಒಂದೇ ಹಾಳೆಯಲ್ಲಿ ಹಾಕಿ, ಕೆಳಗೆ ಮೀಟರಿನ ಫೋಟೊ ಅಂಟಿಸಿದ್ದು, ಅಷ್ಟೆ. ಸ್ಥಳ ನೋಡಲು ಬಂದವರು ಮೊದಲು ಕೇಳಿದ್ದು ಆ ಹಾಳೆಯನ್ನೇ.

ಟ್ಯಾಂಕಿಯ ಗಾತ್ರಕ್ಕೂ ಲೆಕ್ಕ ಬೇಕು. 120 ಮಕ್ಕಳು, ಕುಡಿಯಲು ಮತ್ತು ಬಿಸಿಯೂಟಕ್ಕೆ ತಲಾ 5 ಲೀಟರ್, ಜನವರಿ ಮಧ್ಯದಿಂದ ಏಪ್ರಿಲ್ 10ರ ತನಕ 70 ಶಾಲಾ ದಿನ: 42,000 ಲೀಟರ್. ಹಾಗಾಗಿ 50,000ದ ಟ್ಯಾಂಕಿ. ಮಾಡು (ಛಾವಣಿ) 250 ಚದರ ಮೀಟರ್ ಇದ್ದರೆ, ನಮ್ಮ 4,000 ಮಿಲಿಮೀಟರ್ ಮಳೆಗೆ ಐದರಲ್ಲಿ ಒಂದು ಪಾಲು ಪೋಲಾದರೂ ಎಂಟು ಲಕ್ಷ ಲೀಟರ್ ಇಳಿಯುತ್ತದೆ. ಮಳೆ ಸಾಲದೇ ಹೋಗುವ ಪ್ರಶ್ನೆಯೇ ಇಲ್ಲ, ಅಕ್ಟೋಬರಿನ ಕೊನೆಯ ಮಳೆಯನ್ನು ಹಿಡಿದಿಡುವುದಷ್ಟೇ ಕೆಲಸ.

ಕೊಟೇಶನ್ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಪ್ರತಿ ಬಾಬ್ತಿಗೂ ಮೂರು. ಒಬ್ಬರೇ ಪರಿಚಯದವರು ಮೂರು ಲೆಟರ್‌ಹೆಡ್ ಮಾಡಿಸಿ ತಂದುಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿದೆ. ಮೂರರಲ್ಲೂ ‘ಗ್ಯಾಲ್ವನೈಸ್ಡ್’ ಎಂಬ ಶಬ್ದದ ಸ್ಪೆಲಿಂಗ್ ಒಂದೇ ರೀತಿ ತಪ್ಪಿರುತ್ತದೆ, ಅಲ್ಲೇ ಮುಗಿಯಿತು. ನಮಗೆ ಕೊಟೇಶನ್ ಕೊಟ್ಟ ಮೂವರಿಗೂ ಕಾನ್ಸುಲೇಟಿನಿಂದ ಫೋನ್ ಹೋಗಿತ್ತು. ಕೊಟೇಶನ್ ಕೇಳುವಾಗ ನಾವೇ ಒಂದು ಪುಟದ ವಿವರ ಕೊಟ್ಟೆವು, ಇಲ್ಲದಿದ್ದರೆ ಒಬ್ಬ ಕೆಂಪು ಕಲ್ಲಿನ ಟ್ಯಾಂಕಿಗೆ, ಇನ್ನೊಬ್ಬ ಆರ್‌ಸಿಸಿಗೆ ದರ ಬರೆಯುತ್ತಾನೆ. ಪುಟದಲ್ಲಿದ್ದದ್ದು: ಫೆರೋಸಿಮೆಂಟ್ (ಕಬ್ಬಿಣದ ಬಲೆಗೆ ಗಾರೆ ಮೆತ್ತಿದ ತೆಳು ಗೋಡೆ), ವ್ಯಾಸ 5 ಮೀಟರ್, ನೀರಿನ ಎತ್ತರ 2.6 ಮೀಟರ್, 10 ಗೇಜಿನ ವೆಲ್ಡ್‌ಮೆಶ್, ಎರಡೂ ಬದಿಗೆ ಅರ್ಧ ಇಂಚಿನ ಕೋಳಿ ಬಲೆ, ಗಾರೆ 1:2 (ಸಿಮೆಂಟ್ ಒಂದು, ಮರಳು ಎರಡು), ಗೋಡೆ ದಪ್ಪ 2 ಇಂಚು. ಜೊತೆಗೆ ಮುಖ್ಯವಾದದ್ದು, 8 ಎಂಎಂ ಕಬ್ಬಿಣದ ಬಳೆ, ಕೆಳಗಿನ ಅರ್ಧಕ್ಕೆ 4 ಇಂಚಿಗೊಂದು, ಮೇಲಿನ ಅರ್ಧಕ್ಕೆ 8 ಇಂಚಿಗೊಂದು. ಈ ಬಳೆಯನ್ನೇ ಮೇಸ್ತ್ರಿಗಳು ಹಾರಿಸುವುದು. ಮೆಶ್ ಇದೆಯಲ್ಲ ಎನ್ನುತ್ತಾರೆ. ತುಂಬಿದ ಟ್ಯಾಂಕಿಯ ತಳದಲ್ಲಿ ನೀರು ಗೋಡೆಯನ್ನು ಹೊರಕ್ಕೆ ದೂಡುವ ಬಲಕ್ಕೆ ಬರೇ ಮೆಶ್ ಸಾಲದು. ಕೆಂಪು ಕಲ್ಲಿನದು ಬೇಡವೇ ಬೇಡ, ಕಲ್ಲೇ ತೂತು, ಒಳಗಿನ ಪ್ಲಾಸ್ಟರ್ ಬಿರುಕು ಬಿಟ್ಟ ದಿನದಿಂದ ಒಸರು ಶುರು.

ಲೀಟರಿಗೆ ಏಳು ರೂಪಾಯಿಯ ಹತ್ತಿರ ಬಿತ್ತು, ಅಂದರೆ ಟ್ಯಾಂಕಿಗೆ ಮೂರೂವರೆ ಲಕ್ಷ. ದಂಬೆ (ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ತೋಡು), ಪೈಪು, ಫಿಲ್ಟರ್, ಪಂಪು, ಕಟ್ಟೆ ಸೇರಿ ಇನ್ನೊಂದು ಒಂದೂವರೆ. ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಕೊಟೇಶನ್ ಪಡೆದ ದಿನಕ್ಕೂ ಹಣ ಬರುವ ದಿನಕ್ಕೂ ನಡುವೆ ವರ್ಷ ಕಳೆಯುವುದುಂಟು. ಅಷ್ಟರಲ್ಲಿ ಹೊಯಿಗೆಯ ದರ ಎಲ್ಲಿರುತ್ತದೋ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪು ಕಲ್ಲು, ಮರಳು ಎರಡೂ ಸಿಗದೆ ಕೆಲಸಗಳು ನಿಂತದ್ದು ಎಲ್ಲರಿಗೂ ನೆನಪಿದೆ. ಅಷ್ಟು ದೀರ್ಘ ಕಾಲಕ್ಕೆ ದರ ಹಿಡಿದಿಡಲು ಅಂಗಡಿಯವರನ್ನು ಒಪ್ಪಿಸುವ ಒಂದು ಉಪಾಯ ನಮ್ಮಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಅರ್ಜಿಗೆ ನಮಗೇ ಬೇಕು.

ನಿರ್ವಹಣೆಯ ಖರ್ಚು ಟ್ಯಾಂಕಿಗೆ ವರ್ಷಕ್ಕೆ ಆರೇಳು ಸಾವಿರ: ಫಿಲ್ಟರಿನ ಹೊಯಿಗೆ ತೊಳೆಯುವುದು, ಬ್ಲೀಚಿಂಗ್ ಪೌಡರ್, ಪಂಪಿನ ಕರೆಂಟು. ಇದನ್ನು ಹಳೆ ವಿದ್ಯಾರ್ಥಿ ಸಂಘವೋ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯೋ ವಹಿಸಿಕೊಳ್ಳುತ್ತದೆ ಎಂದು ನಾವು ಹೇಳಿದರೆ ಆಗದು. ನಿರ್ಣಯ ಪುಸ್ತಕದ ಪುಟ, ಸಹಿಗಳು, ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಬೇಕು. ಒಂದು ಶಾಲೆಯ ಸಂಘದವರು ಮೊದಲ ವರ್ಷದ ಹಣವನ್ನು ಮುಂಗಡವಾಗಿ ಖಾತೆಗೆ ಹಾಕಿಯೇ ಬಿಟ್ಟಿದ್ದರು. ಉಳಿದ ಐದು ಶಾಲೆಗಳಿಗೂ ಅದನ್ನೇ ತೋರಿಸಿ ಹಾಕಿಸಿದೆವು.

ಹಣದ ದಾರಿಯಲ್ಲಿ ಜಾರುವ ಜಾಗ ಎರಡು. ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ, ರೂಪಾಯಿಯಲ್ಲೇ ಕೊಡುತ್ತಾರೆ, ಹಾಗಾದರೆ ಇಲ್ಲಿಯ ಉಳಿತಾಯ ಖಾತೆಗೆ ಹಾಕಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಕೂಡದು. ಕೊಡುವುದು ವಿದೇಶಿ ಸರಕಾರ, ಆದ್ದರಿಂದ ರೂಪಾಯಿಯಾದರೂ ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ದಿಲ್ಲಿ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಊರಿನ ಬ್ಯಾಂಕಿನಲ್ಲಿರುವ ಬಳಕೆ ಖಾತೆಗೆ (ಯುಟಿಲೈಸೇಶನ್ ಅಕೌಂಟ್). ಎರಡನೆಯದು, ಅದೇ ತಿದ್ದುಪಡಿ ಬಂದಂದಿನಿಂದ ಈ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ‘ಎಸ್‌ಡಿಎಂಸಿ ಖಾತೆಗೆ ಹಾಕಿ, ಅವರೇ ಕೆಲಸ ಮಾಡಿಸಲಿ’ ಎಂಬ ಹಳೆ ಅಭ್ಯಾಸ ಬಿಡಬೇಕು. ಸಿಮೆಂಟ್ ಅಂಗಡಿಗೆ, ಗುತ್ತಿಗೆದಾರನಿಗೆ ನೇರವಾಗಿ ಬಳಕೆ ಖಾತೆಯಿಂದಲೇ ಹೋಗಬೇಕು. ಖಾತೆಯಲ್ಲಿ ಬಿದ್ದ ಬಡ್ಡಿಯೂ ವಿದೇಶಿ ದೇಣಿಗೆಯ ಲೆಕ್ಕಕ್ಕೇ ಸೇರುತ್ತದೆ, ಡಿಸೆಂಬರ್ 31ರೊಳಗೆ ಸಲ್ಲಿಸುವ ವಾರ್ಷಿಕ ಲೆಕ್ಕದ ನಮೂನೆ ಎಫ್‌ಸಿ-4ರಲ್ಲಿ ಕಾಣಿಸಬೇಕು. ಹಣ ಉಳಿಯಿತೆಂದು ಕೇಳದೆ ಇನ್ನೊಂದು ನಳ್ಳಿ ಹಾಕಿಸಲೂ ಹೋಗಬೇಡಿ. ಬಾಬ್ತು ಬದಲಾದರೆ ಮೊದಲು ಪತ್ರ, ಆಮೇಲೆ ಖರ್ಚು.

ನಮ್ಮ ಮಳೆಗೂ ಅವರ ಆರ್ಥಿಕ ವರ್ಷಕ್ಕೂ ಹೊಂದುವುದಿಲ್ಲ. ಜಪಾನಿನ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಒಪ್ಪಂದದ ಸಹಿಗಳು ಜನವರಿ–ಮಾರ್ಚ್‌ನಲ್ಲಿ ಒತ್ತಿಕೊಳ್ಳುತ್ತವೆ. ಕೆಲಸ ಒಂದು ವರ್ಷದೊಳಗೆ ಮುಗಿಯಬೇಕು. ಮಾರ್ಚ್‌ಗೆ ಸಹಿಯಾದರೆ ಎದುರಿಗೆ ಎರಡು ತಿಂಗಳ ಬಿಸಿಲು, ಆಮೇಲೆ ನಾಲ್ಕು ತಿಂಗಳ ಮಳೆ. ಮಳೆ ಬಿಟ್ಟ ಮೇಲೆ ಕಟ್ಟಿದರೆ ಟ್ಯಾಂಕಿ ಡಿಸೆಂಬರಿಗೆ ಸಿದ್ಧ, ಆದರೆ ಒಳಗೆ ಹನಿ ನೀರಿಲ್ಲ, ಕೊನೆಯ ವರದಿಗೆ ಖಾಲಿ ಟ್ಯಾಂಕಿಯ ಫೋಟೊ. ಎರಡು ಟ್ಯಾಂಕಿ ಮೇ ಮುಗಿಯುವ ಮೊದಲೇ ಎಬ್ಬಿಸಿದೆವು, ನಾಲ್ಕಕ್ಕೆ ತಳ ಹಾಕಿ ಬಿಟ್ಟೆವು. ಆಗಸ್ಟ್ ಕೊನೆಗೆ ಅಡಿಕೆ ಮರದ ಕಂಬ ನೆಟ್ಟು, ಟಾರ್ಪಾಲಿನ ಚಪ್ಪರದಡಿ ಗೋಡೆ ಎತ್ತಿದ್ದು. ಚಪ್ಪರಕ್ಕೆ ತಲಾ ಹನ್ನೆರಡು ಸಾವಿರದಷ್ಟು ಹೋಯಿತು, ಬಜೆಟ್ಟಿನಲ್ಲಿ ಇರಲಿಲ್ಲ. ಹಣ ಮಳೆಗಾಲದ ನಡುವೆ ಸಿಕ್ಕಿ ಅಕ್ಟೋಬರಿಗೆ ಕೆಲಸ ಶುರುವಾಗುವಂತಿದ್ದರೆ ನಮಗೆ ಹೆಚ್ಚು ಅನುಕೂಲ. ಆಸ್ಟ್ರೇಲಿಯಾದವರ ವರ್ಷ ಜುಲೈಯಿಂದ ಜೂನ್, ಅದನ್ನೂ ಒಮ್ಮೆ ನೋಡುವುದಿದೆ.

ಬಜೆಟ್ಟಿನಲ್ಲಿ ಮರೆತ ಇನ್ನೊಂದು ದೊಡ್ಡ ಬಾಬ್ತು ನೀರು! ನೀರಿನ ಟ್ಯಾಂಕಿ ಕಟ್ಟಲು ನೀರು ಬೇಕಲ್ಲ. ಏಪ್ರಿಲ್‌ನಲ್ಲಿ ಆ ಶಾಲೆಗಳ ಬಾವಿ ನೀರು ಉಪ್ಪು. ಅದರಲ್ಲಿ ಗಾರೆ ಕಲಸಿದರೆ ಕ್ಲೋರೈಡ್ ಒಳಗಿನ ಬಲೆಯನ್ನು ತಿನ್ನುತ್ತದೆ. ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮಿತಿ, ಅರ್ಧ ಇಂಚಿನ ಹೊದಿಕೆಯೂ ಇಲ್ಲದ ಫೆರೋಸಿಮೆಂಟಿಗೆ ಅದೂ ಹೆಚ್ಚೇ. ಮೊದಲ ಟ್ಯಾಂಕಿಯ ತಳಕ್ಕೆ ಬಾವಿ ನೀರು ಹಾಕಿದ್ದು ಗೊತ್ತಾಗಿ ಒಡೆಸಿ ಪುನಃ ಹಾಕಿಸಬೇಕಾಯಿತು, ಇಪ್ಪತ್ತೈದು ಸಾವಿರ ನೀರಿನಲ್ಲಿ ಹೋಮ. ಆಮೇಲೆ ಟ್ಯಾಂಕರ್. ಕಲಸಲು, ಹದಿನಾಲ್ಕು ದಿನ ಗೋಣಿ ಒದ್ದೆ ಇಡಲು ಟ್ಯಾಂಕಿಯೊಂದಕ್ಕೆ 5,000 ಲೀಟರಿನ ನಾಲ್ಕೈದು ಲೋಡು. ಮಳೆಗಾಲದಲ್ಲಿ ಕಟ್ಟಿದ ನಾಲ್ಕರ ಗೋಡೆಗೆ ಈ ಖರ್ಚು ಬರಲಿಲ್ಲ, ಚಪ್ಪರದ ದುಡ್ಡು ಅಲ್ಲಿ ಸರಿಹೊಂದಿತು.

ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಲು ಎಲ್ಲರೂ 6 ಇಂಚಿನ ಪೈಪು ನಿಲ್ಲಿಸುತ್ತಾರೆ. ಮೀಟರಿಗೆ 18 ಲೀಟರ್ ಮಾತ್ರ ಹಿಡಿಯುತ್ತದೆ. 250 ಚದರ ಮೀಟರ್ ಮಾಡಿನಿಂದ ಒಂದು ಮಿಲಿಮೀಟರ್ ತೊಳೆಯಬೇಕಾದರೆ 250 ಲೀಟರ್, ಅಂದರೆ 13–14 ಮೀಟರ್ ಪೈಪು! 200 ಲೀಟರಿನ ಹಳೆ ನೀಲಿ ಡ್ರಮ್ ಇಟ್ಟು ತಳದಲ್ಲಿ ಸಣ್ಣ ತೂತು ಬಿಟ್ಟದ್ದು ಇದಕ್ಕಿಂತ ವಾಸಿ. ಫಿಲ್ಟರಿಗೆ ಗೆರಟೆ ಮಸಿ (ಇದ್ದಿಲು) ಹಾಕುವ ಪ್ರಯೋಗವೂ ಒಂದು ಶಾಲೆಯಲ್ಲಿ ಆಯಿತು. ವಾರಗಟ್ಟಲೆ ಕಪ್ಪು ನೀರು, ಮಕ್ಕಳು ಮುಟ್ಟಲಿಲ್ಲ, ತೆಗೆಸಿ ನದಿ ಹೊಯಿಗೆ ಮತ್ತು ಜಲ್ಲಿಗೇ ಮರಳಿದೆವು. ಹಂಚಿನ ಹಾವಸೆ ದಂಬೆಯಲ್ಲೇ ನಿಲ್ಲುವ ಹಾಗೆ ಬಾಯಿಗೆ ಕೂರಿಸಿದ ಜಾಳಿಗೆಯನ್ನು ನೋಡಬೇಕಾದರೆ ಶಾಲೆಗೇ ಬನ್ನಿ, ಚಿತ್ರ ಕೊಡುವುದಿಲ್ಲ.

ಕೊನೆಗೆ ಫಲಕ. ಜಪಾನ್ ಧ್ವಜ, ಜಪಾನ್ ಜನತೆಯ ಕೊಡುಗೆ ಎಂಬ ಒಕ್ಕಣೆ ಹಾಕಲೇಬೇಕು, ಆಮೇಲೆ ಬಂದು ನೋಡುವುದೂ ಇದೆ. ಫ್ಲೆಕ್ಸ್ ಒಂದೇ ಮಳೆಗಾಲಕ್ಕೆ ಬಿಳಿಚಿಕೊಳ್ಳುತ್ತದೆ, ತಗಡಿನದು ಕಡಲ ಗಾಳಿಗೆ ಎರಡೇ ವರ್ಷದಲ್ಲಿ ತುಕ್ಕು. ಎರಡಡಿ ಅಗಲದ ಕರಿ ಗ್ರಾನೈಟ್ ಮೇಲೆ ಕೆತ್ತಿಸಿ ಗಾರೆಯಲ್ಲಿ ಕೂರಿಸಿದ್ದಕ್ಕೆ ಸುಮಾರು ನಾಲ್ಕು ಸಾವಿರ. ಧ್ವಜದ ಕೆಂಪು ಬಣ್ಣ ಮಾತ್ರ ವರ್ಷಕ್ಕೊಮ್ಮೆ ಹಚ್ಚಬೇಕಾಗುತ್ತದೆ, ಸಣ್ಣ ಡಬ್ಬಿ ಎನಾಮೆಲ್ ಆರೂ ಶಾಲೆಗೆ ಸಾಕು.