3.2 ವೋಲ್ಟಿನ ಸೆಲ್, ಹಿತ್ತಾಳೆ ಟಾರ್ಚ್, ನಾಲ್ಕು ಎಲ್‌ಇಡಿ: ನನ್ನ ಅನುಭವ

ಹಳೆಯ ಎರಡು ಸೆಲ್ಲಿನ ಹಿತ್ತಾಳೆ ಟಾರ್ಚಿನೊಳಗೆ 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಕೂರಿಸಿ ಎರಡು ಗಂಟೆ ಒಂದೇ ಸಮನಾದ ಬೆಳಕು ಪಡೆಯಬಹುದು ಎಂದು ನಾನು ಹೇಳಿದಾಗ ಪುಣೆಯ ನಮ್ಮ ಟಾರ್ಚ್ ಬಳಗದಲ್ಲಿ ಯಾರೂ ಒಪ್ಪಲಿಲ್ಲ. 3.2 ವೋಲ್ಟ್ ಬಿಳಿ ಎಲ್‌ಇಡಿಗೆ ಸಾಲದು, ಐದು ನಿಮಿಷ ಮಿಂಚಿ ಆಮೇಲೆ ಮಂಕಾಗುತ್ತದೆ ಎಂಬುದು ಎಲ್ಲರ ತೀರ್ಪು. ನಿಗಡಿಯಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಗೆಳೆಯರೊಬ್ಬರಿದ್ದಾರೆ, ಈ ಹವ್ಯಾಸದಲ್ಲಿ ನನಗಿಂತ ಹಿರಿಯರು. "ಮಾರಾಯರೇ, 18650 ಹಾಕಿ ಸುಮ್ಮನಿರಿ, ಹಿತ್ತಾಳೆಗೆ ದುಡ್ಡು ಸುರಿಯಬೇಡಿ" ಎಂದಿದ್ದರು. 18650 ಎಂದರೆ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಬಳಸುವ, ತುಂಬಿದಾಗ 4.2 ವೋಲ್ಟಿನ ಲಿಥಿಯಂ ಸೆಲ್. ಈಗ ಅವರ ಗಲ್ಲಾದ ಕೆಳಗೆ ನಾನು ಮಾಡಿಕೊಟ್ಟ ಹಿತ್ತಾಳೆ ಟಾರ್ಚೇ ಇದೆ. ಹೇಗೆ ಮಾಡಿದಿರಿ ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳವಾಗಿತ್ತು. ನಾವೆಲ್ಲ ಬಳಸುವ ಎಂಟು 7135 ಚಿಪ್ಪಿನ ಡ್ರೈವರ್ (ಎಲ್‌ಇಡಿಗೆ ಹೋಗುವ ಪ್ರವಾಹವನ್ನು ಒಂದೇ ಮಟ್ಟದಲ್ಲಿಡುವ ಪುಟ್ಟ ಬೋರ್ಡ್) 2.8 ಆಂಪಿಯರ್ ಕೊಡುತ್ತದೆ. ತುಂಬಿದ 18650 ಸೆಲ್ಲಿನ 4.2 ವೋಲ್ಟಿನಿಂದ ಎಲ್‌ಇಡಿಗೆ ಬೇಕಾದ 2.8ಕ್ಕೆ ಇಳಿಸುವಾಗ ಡ್ರೈವರ್ ಒಂದೇ ಸುಮಾರು 4 ವಾಟ್ ಶಾಖ ಉಗುಳುತ್ತದೆ. ಸೆಲ್ 3.2 ವೋಲ್ಟಿನದಾದರೆ ಅದೇ ಡ್ರೈವರಿನಲ್ಲಿ ಪೋಲಾಗುವುದು ಒಂದು ವಾಟಿನ ಆಸುಪಾಸು. ಜೊತೆಗೆ ಈ 3.2 ವೋಲ್ಟಿನ, 32650 ಅಳತೆಯ ಸೆಲ್ಲಿನ ದಪ್ಪ 32 ಮಿ.ಮೀ., ಹಳೆಯ ದಪ್ಪ ಸೆಲ್ಲಿನ ಕೊಳವೆಯಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಸಾಮರ್ಥ್ಯ 6 ಆಂಪಿಯರ್ ಅವರ್. ಪುಣೆಯ ತಪಕೀರ್ ಗಲ್ಲಿಯಲ್ಲಿ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ.

ಹಿತ್ತಾಳೆಯೇ ಏಕೆ ಎಂದು ಕೇಳುವವರಿದ್ದಾರೆ. ಶಾಖ ಸಾಗಿಸುವುದರಲ್ಲಿ ಅದು ಅಲ್ಯೂಮಿನಿಯಮ್ಮಿಗಿಂತ ಹಿಂದೆ ಎಂಬುದು ನನಗೂ ಗೊತ್ತು. ಆದರೆ ಹಿತ್ತಾಳೆ ಬೆಸುಗೆ ಹಿಡಿಯುತ್ತದೆ, ಅಲ್ಯೂಮಿನಿಯಂ ಹಿಡಿಯುವುದಿಲ್ಲ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೆಯ ಜೀವನ್ ಸಾಥಿ ಟಾರ್ಚುಗಳು ಸಿಗುತ್ತವೆ. ಮೊದಲು ನೂರೈವತ್ತಕ್ಕೆ ಕೊಡುತ್ತಿದ್ದರು. ನಾನು ಪದೇ ಪದೇ ಕೇಳತೊಡಗಿದ ಮೇಲೆ ನಾನ್ನೂರಕ್ಕೆ ಏರಿಸಿದ್ದಾರೆ. ತಳದಲ್ಲಿ ಸೆಲ್ ಸೋರಿ ಹಸಿರು ಕಿಲುಬು ಹಿಡಿದಿದ್ದರೂ ಪರವಾಗಿಲ್ಲ, ತಲೆಯ ಬಳಿ ತಗಡು ಸೀಳಿರಬಾರದು.

ಮೊದಲ ಮಾದರಿಗೆ ಎಕ್ಸ್‌ಎಂ-ಎಲ್2 ಎಂಬ ಎಲ್‌ಇಡಿ ಒಂದನ್ನೇ ಹಾಕಿದ್ದೆ. ಅದು 2.8 ಆಂಪಿಯರಿನಲ್ಲಿ 3.2 ವೋಲ್ಟಿಗಿಂತ ಹೆಚ್ಚು ಕೇಳುತ್ತದೆ, ಹಾಗಾಗಿ ಡ್ರೈವರಿಗೆ ಉಸಿರಾಡಲು ಜಾಗವೇ ಉಳಿಯಲಿಲ್ಲ. ಪರಿಹಾರ ಪ್ರವಾಹವನ್ನು ಹಂಚುವುದು. ನಾಲ್ಕು ನಿಚಿಯಾ 519ಎ ಎಲ್‌ಇಡಿಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದಕ್ಕೆ 0.7 ಆಂಪಿಯರ್ ಬರುತ್ತದೆ, ಆಗ 2.8 ವೋಲ್ಟಿನ ಹತ್ತಿರವೇ ಅವು ತೃಪ್ತ. ನಾಲ್ಕಕ್ಕೂ ಸೇರಿ ಒಂದು 20 ಮಿ.ಮೀ. ತಾಮ್ರದ ಬೋರ್ಡ್, ಮೇಲೆ ಬೆಳಕನ್ನು ಮುಂದಕ್ಕೆ ಕೂಡಿಸುವ ನಾಲ್ಕು ಕಣ್ಣಿನ ಮಬ್ಬು ಟಿಐಆರ್ ಲೆನ್ಸ್. ಈ ಎಲ್‌ಇಡಿಗಳ ಮೊದಲ ಪಾರ್ಸೆಲ್ ದಾರಿಯಲ್ಲೇ ಮಾಯವಾಯಿತು. ಎರಡನೆಯದಕ್ಕೆ ತೆರಿಗೆ ಕಟ್ಟಿ ಬಿಡಿಸಿಕೊಂಡೆ. ಆ ಒಂದು ತಿಂಗಳಲ್ಲಿ ಬೆಳಕು ಕಾಣದೆಯೇ ಮೂರು ಸಾವಿರದಷ್ಟು ಹೋಯಿತು.

ಜೋಡಿಸಿದ ಮೇಲೂ ಬೆಳಕು ಕುಸಿಯುತ್ತಿತ್ತು. ಗೆಳೆಯರು ಹೇಳಿದ್ದೇ ನಿಜವಾಯಿತು ಎನ್ನುವಷ್ಟು ಕುಸಿಯುತ್ತಿತ್ತು. ಮಲ್ಟಿಮೀಟರಿನ ಎರಡು ಮುಳ್ಳು ಹಿಡಿದು ಸೆಲ್ಲಿನಿಂದ ಡ್ರೈವರಿನವರೆಗೆ ಒಂದೊಂದೇ ಕೀಲು ಅಳೆಯುತ್ತಾ ಹೋದೆ. ಕಳ್ಳ ಸಿಕ್ಕಿದ್ದು ಎರಡು ಕಡೆ. ಜಾರುವ ಸ್ವಿಚ್ಚಿನಲ್ಲಿ ಸುಮಾರು ಕಾಲು ವೋಲ್ಟ್, ಹಿಂದಿನ ಉಕ್ಕಿನ ಸ್ಪ್ರಿಂಗಿನಲ್ಲಿ ಇನ್ನೊಂದು 0.1 ವೋಲ್ಟ್. 3.2ರಲ್ಲಿ ಎಲ್‌ಇಡಿಯ 2.8 ಕಳೆದರೆ ನನ್ನ ಹತ್ತಿರ ಇದ್ದ ಬಂಡವಾಳವೇ 0.4 ವೋಲ್ಟ್, ಅದರಲ್ಲಿ ಡ್ರೈವರಿನ ಪಾಲು 0.12. 18650 ಹಾಕುವವರಿಗೆ ಈ ಸೋರಿಕೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಅವರ ಬಳಿ ಪೋಲು ಮಾಡಲು ವೋಲ್ಟೇಜ್ ಧಾರಾಳವಾಗಿರುತ್ತದೆ. 3.2 ವೋಲ್ಟಿನಲ್ಲಿ ಆಗುವುದಿಲ್ಲ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ ಎಂದು ನನ್ನ ಖಚಿತ ಅಭಿಪ್ರಾಯ. ಸೆಲ್ಲಿನಲ್ಲಿ ಕೊರತೆ ಇಲ್ಲ, ದಾರಿಯಲ್ಲಿ ಇದೆ.

ಸ್ಪ್ರಿಂಗಿಗೆ ಬೆಸುಗೆ ಹೀರುವ ತಾಮ್ರದ ಜಾಲರಿಯನ್ನು ತುದಿಯಿಂದ ತುದಿಗೆ ಹೊಲಿದಂತೆ ಜೋಡಿಸಿದೆ. ಸ್ವಿಚ್ಚನ್ನು ಕಿತ್ತು ಹಿಂಬದಿ ಗುಂಡಿ ಹಾಕಿ ಎಂದು ಹಲವರು ಹೇಳಿದರು, ನನಗೆ ಮನಸ್ಸು ಬರಲಿಲ್ಲ. ಹೆಬ್ಬೆರಳಿಗೆ ಸಿಗುವ ಆ ಜಾರುಸ್ವಿಚ್ಚೇ ಈ ಟಾರ್ಚಿನ ಜೀವ, ಕೈಗವಸು ಹಾಕಿದವನಿಗೂ ಒದಗುತ್ತದೆ. ಹಾಗಾಗಿ ಸ್ವಿಚ್ಚು ಫೆಟ್ ಎಂಬ ಟ್ರಾನ್ಸಿಸ್ಟರಿನ ಗೇಟನ್ನು, ಅಂದರೆ ಅದನ್ನು ತೆರೆದು ಮುಚ್ಚುವ ಕಾಲನ್ನು, ಮಾತ್ರ ತಟ್ಟುವಂತೆ ಮಾಡಿ, ಮುಖ್ಯ ಪ್ರವಾಹವನ್ನು ಫೆಟ್ ಮೂಲಕ ಹರಿಸಿದೆ. ಐಆರ್‌ಎಲ್‌ಝಡ್44ಎನ್ ಎಂಬ ಫೆಟ್ ಹಾಕಿ ನೋಡಿದ್ದೆ, ಗೇಟಿಗೆ 3.2 ವೋಲ್ಟ್ ಕೊಟ್ಟರೆ ಅದು ಅರೆಮನಸ್ಸಿನಿಂದ ತೆರೆಯುತ್ತದೆ. ಎಒ3400 ಎರಡನ್ನು ಜೋಡಿ ಹಾಕಿದಾಗ ಕೆಲಸ ನಡೆಯಿತು. ಈಗ ಬಳಸುವುದು ಇನ್ನೂ ಒಳ್ಳೆಯದು, ಅದರ ನಂಬರನ್ನು ಇಲ್ಲಿ ಬರೆಯುವುದಿಲ್ಲ. ಕೆಟ್ಟ ಲ್ಯಾಪ್‌ಟಾಪ್ ಬೋರ್ಡುಗಳ ಮೇಲೆ ಕಣ್ಣಾಡಿಸಿದವರಿಗೆ ಸಿಕ್ಕೇ ಸಿಗುತ್ತದೆ. ಎರಡು ಸೆಲ್ಲಿನ ಉದ್ದದಲ್ಲಿ ಒಂದೇ ಸೆಲ್ ಕೂರುವುದರಿಂದ ಉಳಿಯುವ ಎರಡು ಇಂಚಿನ ಜಾಗದಲ್ಲಿ ಈ ಪುಟ್ಟ ಬೋರ್ಡ್ ಅಡಗುತ್ತದೆ.

ಇನ್ನು ಎಲ್‌ಇಡಿಗಳ ಶಾಖವನ್ನು ಟಾರ್ಚಿನ ಮೈಗೆ ದಾಟಿಸುವ ತಾಮ್ರದ ಬಿಲ್ಲೆ. ಭೋಸರಿಯ ಲೇತ್ ಅಂಗಡಿಯಲ್ಲಿ 6 ಮಿ.ಮೀ. ದಪ್ಪದ ಬಿಲ್ಲೆಯನ್ನು ಟಾರ್ಚಿನ ಕುತ್ತಿಗೆಗೆ ಕೂದಲೆಳೆಯಷ್ಟು ಸಡಿಲವಾಗಿ ಕೊರೆಸುತ್ತೇನೆ. ಒಂದೆರಡಕ್ಕೆ ಲೇತಿನವರು ಮುಖ ಸಿಂಡರಿಸುತ್ತಾರೆ, ಹತ್ತು ಒಟ್ಟಿಗೆ ಕೊಟ್ಟರೆ ಒಂದಕ್ಕೆ ನೂರಿಪ್ಪತ್ತರ ಹಾಗೆ ಮಾಡಿಕೊಡುತ್ತಾರೆ. ಕುತ್ತಿಗೆಯ ಒಳಗಿನ ಬಿಳಿ ಲೇಪವನ್ನು ಪಾಲಿಶ್ ಕಾಗದದಿಂದ ಹಳದಿ ಕಾಣುವವರೆಗೆ ತಿಕ್ಕಬೇಕು. ಬಿಲ್ಲೆಯ ಅಂಚಿಗೆ ಬೆಸುಗೆ ಹಿಡಿಸುವ ಫ್ಲಕ್ಸ್ ಸವರಿ, ಸುತ್ತ ಬೆಸುಗೆ ತಂತಿಯ ಒಂದು ಬಳೆ ಇಟ್ಟು, ಕೆಳಗಿನಿಂದ ಸಣ್ಣ ಗ್ಯಾಸ್ ಜ್ವಾಲೆ ಕೊಡಬೇಕು. ಮೊದಲು ಫ್ಲಕ್ಸ್ ಚಟಪಟ ಎಂದು ಕಂದಾಗುತ್ತದೆ. ಅರೆಕ್ಷಣ ಏನೂ ಆಗುವುದಿಲ್ಲ. ಮರುಕ್ಷಣ ಬಳೆ ಕರಗಿ ಬೆಳ್ಳಿಯ ಗೆರೆಯಾಗಿ ಅಂಚಿನ ಸುತ್ತ ಓಡಿ ಸಂದಿಯೊಳಗೆ ಇಳಿದುಬಿಡುತ್ತದೆ. ಜ್ವಾಲೆ ಅಲ್ಲಿಗೆ ಸಾಕು. ಇದಕ್ಕೆ 183 ಡಿಗ್ರಿಯಲ್ಲಿ ಕರಗುವ 63/37 ತವರ-ಸೀಸದ ಬೆಸುಗೆ. ಆಮೇಲೆ ಎಲ್‌ಇಡಿ ಬೋರ್ಡನ್ನು ಬಿಲ್ಲೆಗೆ ಕೂರಿಸಲು 138 ಡಿಗ್ರಿಯ ಬಿಸ್ಮತ್ ಪೇಸ್ಟ್. ಈ ಕ್ರಮ ತಲೆಕೆಳಗಾದರೆ ಒಂದನ್ನು ಕೂರಿಸುವಾಗ ಇನ್ನೊಂದು ಕಳಚುತ್ತದೆ. ಹೊರಗಿನ ಹೊಳಪು ಕಪ್ಪಾಗದಂತೆ ನೋಡಿಕೊಳ್ಳುವ ಉಪಾಯ ನನ್ನ ಹತ್ತಿರವೇ ಇರಲಿ. ಒದ್ದೆ ಬಟ್ಟೆ ಅದರಲ್ಲಿ ಅರ್ಧ ಮಾತ್ರ.

ಫಲಿತಾಂಶ: ಮುಂದೆ ಹೊರಬೀಳುವುದು ಸುಮಾರು 650-700 ಲೂಮೆನ್ ಎಂದು ನನ್ನ ಅಂದಾಜು. ಎರಡು ಗಂಟೆ ಬೆಳಕು ಅಲುಗಾಡುವುದಿಲ್ಲ, ಕೊನೆಯ ಹತ್ತು ಹನ್ನೆರಡು ನಿಮಿಷ ನಿಧಾನವಾಗಿ ಇಳಿಯುತ್ತದೆ. ಮೈ ಬೆಚ್ಚಗಾಗುತ್ತದೆ, ಕೈಬಿಡುವಷ್ಟು ಸುಡುವುದಿಲ್ಲ. ಸಾವಿರಾರು ಲೂಮೆನ್ ಎಂದು ಡಬ್ಬದ ಮೇಲೆ ಬರೆದುಕೊಂಡ ಟಾರ್ಚುಗಳು ಎರಡು ನಿಮಿಷದಲ್ಲಿ ಬಿಸಿಯಾಗಿ ತಾವಾಗಿಯೇ ಇಳಿದುಬಿಡುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಇದನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವನು ಕಾತ್ರಜ್ ಕಡೆ ಮನೆಗಳಿಗೆ ನುಗ್ಗಿದ ಹಾವು ಹಿಡಿದು ಕಾಡಿಗೆ ಬಿಡುವ ಬೈಲಹೊಂಗಲದ ಹುಡುಗ. ಅವನ ಹಳೆಯ ಟಾರ್ಚು 6500 ಕೆಲ್ವಿನಿನ ನೀಲಿಬಿಳುಪಿನದು. ಆ ಬೆಳಕಿನಲ್ಲಿ ಒಣ ಎಲೆ, ಜಂಬಿಟ್ಟಿಗೆ, ಕೊಳಕುಮಂಡಲದ ಬೆನ್ನು ಎಲ್ಲವೂ ಒಂದೇ ಬೂದಿ ಬಣ್ಣ. 519ಎ 4500 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕೂ ಮೇಲೆ, ಕೆಂಪು ಕಂದುಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. "ಅಣ್ಣಾ, ಈಗ ಕೋಲು ಚಾಚುವ ಮೊದಲೇ ಹಾವು ಕಾಣುತ್ತದೆ" ಎಂದ. ಅವನಿಂದ ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡೆ.

ಮಳೆಗಾಲದಲ್ಲಿ ರಾಜಗಡ ಹತ್ತುವಾಗ ಮಂಜಿನಲ್ಲಿ ತಲೆಗೆ ಕಟ್ಟುವ ದೀಪ ಕಣ್ಣೆದುರೇ ಬಿಳಿ ಗೋಡೆ ಎಬ್ಬಿಸುತ್ತದೆ. ಹಳದಿ ಹಾಳೆ ಅಂಟಿಸಿದರೆ ಮಂಜು ಸೀಳುತ್ತದೆ ಎಂಬ ಮಾತನ್ನು ಪರೀಕ್ಷಿಸಿದೆ, ಬೆಳಕು ಕಡಿಮೆಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ರೀತಿ ಚದುರಿಸುತ್ತವೆ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿದಾಗ ಮಾತ್ರ ದಾರಿ ಕಂಡಿತು. ಜುನ್ನರದಲ್ಲಿ ಕಬ್ಬಿನ ಹೊಲವಿರುವ ನನ್ನ ಸಹೋದ್ಯೋಗಿಗೆ ಹೇಳಿದ್ದು ಇದಕ್ಕೆ ತದ್ವಿರುದ್ಧ. ರಾತ್ರಿ ಕರೆಂಟ್ ಬಂದಾಗ ನೀರು ಬಿಡಲು ಹೋಗುವವರಿಗೆ ಅಲ್ಲಿ ಚಿರತೆಯ ಭಯ. ಅದರ ಕಣ್ಣಿನ ಹೊಳಪು ಬೆಳಕು ಬಂದ ದಿಕ್ಕಿಗೇ ಮರಳುತ್ತದೆ, ಆದ್ದರಿಂದ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿಯಬೇಕು.

ಅವರ ಬದುವಿಗೆ ದೂರದ ಬೆಳಕೂ ಬೇಕಿತ್ತು. ಅಲ್ಲಿ ನನ್ನ 3.2 ವೋಲ್ಟಿನ ವಿಧಾನ ನಡೆಯುವುದಿಲ್ಲ. ಒಸ್ರಾಮ್‌ನ ಒಂದು ಚದರ ಮಿ.ಮೀ. ಎಲ್‌ಇಡಿಗೆ ಹೆಚ್ಚು ವೋಲ್ಟ್ ಬೇಕು. ಹಾಗಾಗಿ ಕಾನ್ವಾಯ್ ಸಿ8 ಎಂಬ ಟಾರ್ಚಿನ ಮೈಯಲ್ಲಿ 18650 ಹಾಕಿಯೇ ಕೊಟ್ಟೆ. ಐದು ಮೀಟರಿನಲ್ಲಿ ಲಕ್ಸ್ ಮೀಟರ್ ಮೂರೂವರೆ ಸಾವಿರದ ಮೇಲೆ ತೋರಿಸಿತು, ಅಂದರೆ ಕಿರಣದ ತೀವ್ರತೆ 90,000 ಕ್ಯಾಂಡೆಲಾ, ಕಾಗದದ ಮೇಲೆ ಬೆಳಕು ಮುಟ್ಟುವ ದೂರ 600 ಮೀಟರ್. ನಿಜವಾಗಿ ಏನಾದರೂ ಗುರುತಿಸಲು ಅದರ ಅರ್ಧ ಎಂದಿಟ್ಟುಕೊಳ್ಳಿ. ಕಬ್ಬಿನೊಳಗೆ ಅದು ನಿಷ್ಪ್ರಯೋಜಕ, ಎದುರಿನ ಗರಿಗೆ ಬಡಿದು ಕಣ್ಣಿಗೇ ರಾಚುತ್ತದೆ. ಅಲ್ಲಿಗೆ ಹಿತ್ತಾಳೆಯದೇ ಸರಿ. ಅವರು ಎರಡನ್ನೂ ಒಯ್ಯುತ್ತಾರೆ.

ನಡುವೆ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚನ್ನೂ ಮಾಡಿದೆ. ಮುಂದೆ ಝಡ್‌ಡಬ್ಲ್ಯುಬಿ2 ಗಾಜು ಹಾಕಿ ಕಾಣುವ ಬೆಳಕನ್ನು ಸೋಸಿದರೆ ಸಿಂಹಗಡದ ಬುಡದ ಕಲ್ಲುಗಳ ನಡುವೆ ಚೇಳುಗಳು ಹಸಿರಾಗಿ ಹೊಳೆಯುತ್ತವೆ. ಮಗಳಿಗೆ ತೋರಿಸಲೆಂದು ಮಾಡಿದ್ದು, ಈಗ ಕಾರಿನ ಎಸಿ ರಿಪೇರಿ ಮಾಡುವ ನೆರೆಯವರು ಗ್ಯಾಸ್ ಸೋರುವ ಜಾಗ ಹುಡುಕಲು ಒಯ್ದವರು ಹಿಂದಿರುಗಿಸಿಲ್ಲ. 519ಎ ಎಲ್‌ಇಡಿಯ ಮೇಲಿನ ಪಾರದರ್ಶಕ ಗುಮ್ಮಟವನ್ನು ಬ್ಲೇಡಿನಿಂದ ಕತ್ತರಿಸಿಯೂ ನೋಡಿದೆ. ಬೆಳಕು ಇನ್ನಷ್ಟು ಬೆಚ್ಚಗಾಗಿ ನಸುಗೆಂಪಿಗೆ ತಿರುಗುತ್ತದೆ, ಸೊಗಸಾಗಿದೆ. ಹಾವಿನ ಹುಡುಗನಿಗೆ ಮಾತ್ರ ಅದು ಬೇಡವಾಯಿತು.

ಒಂದು ಹಿತ್ತಾಳೆ ಟಾರ್ಚಿಗೆ ಈಗ ಎರಡು ಸಾವಿರದ ಇನ್ನೂರು, ಮುನ್ನೂರರ ಹತ್ತಿರ ಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ಎಲ್‌ಇಡಿಗೇ ಹೋಗುತ್ತದೆ. ಮಾಡುವವರು ಚಾರ್ಜರಿನ ಬಗ್ಗೆ ಜಾಗ್ರತೆ ವಹಿಸಿ: ಈ ಸೆಲ್ಲಿಗೆ 3.65 ವೋಲ್ಟಿನದೇ ಬೇಕು, ಮನೆಯಲ್ಲಿರುವ 4.2 ವೋಲ್ಟಿನದನ್ನು ಹಚ್ಚಬೇಡಿ. ನಾನು ಕೊಡುವ ಪ್ರತಿ ಟಾರ್ಚಿನ ಜೊತೆ ಚಾರ್ಜರನ್ನೂ ಕೊಟ್ಟೇ ಕಳಿಸುತ್ತೇನೆ, ಅದರ ಇನ್ನೂರೈವತ್ತು ಬೇರೆ.