ಬಿಸಿಲು ಓಡುವುದನ್ನು ನೋಡಲು ಎರಡು ನಿಮಿಷ

ನಾವು ಈ ಮನೆಗೆ ಬಂದು ಎರಡು ವರ್ಷ ಆಗಿತ್ತು. ಅಡುಗೆಮನೆ ಗೋಡೆ ಮೇಲೆ ಬೆಳಿಗ್ಗೆ ಬಿಸಿಲು ಬೀಳುತ್ತದೆ ಎಂದು ನನಗೆ ತೋರಿಸಿಕೊಟ್ಟಿದ್ದು ನಾಲ್ಕು ವರ್ಷದ ಮಗಳು. "ಅಮ್ಮಾ, ಬಿಸಿಲು ಓಡ್ತಿದೆ ನೋಡು" ಅಂದಳು. ನಾನು ಡಬ್ಬಿ ಮುಚ್ಚುತ್ತಾ, ಫೋನಿನಲ್ಲಿ ಮೆಸೇಜ್ ಓದುತ್ತಾ "ಹೂಂ ಪುಟ್ಟಿ" ಅಂದೆ. ತಲೆ ಎತ್ತಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗ ಆ ಮಾತು ಬಿಡದೆ ಕಾಡಿತು.

ಮರುದಿನ ಬಿಸಿಲಿನ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ನಿಂತೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅಂಚು ಗೆರೆಯಿಂದ ಒಂದು ಬೆರಳಿನಗಲ ಆಚೆ ಹೋಗಿತ್ತು. ಆಕಾಶದಲ್ಲಿ ಸೂರ್ಯ ತನ್ನ ಅಗಲದಷ್ಟು ದೂರ ಸರಿಯುವುದಕ್ಕೆ ಹಿಡಿಯುವುದು ಸುಮಾರು ಎರಡೇ ನಿಮಿಷ. ಭೂಮಿ ತಿರುಗುವುದು ನಮ್ಮ ಗೋಡೆ ಮೇಲೇ ಕಾಣುತ್ತಿತ್ತು. ಮಗಳು ಸರಿಯಾಗೇ ಹೇಳಿದ್ದಳು.

ಸುತ್ತಲಿನ ಇಂಥ ಸಣ್ಣಪುಟ್ಟದ್ದನ್ನು ನಿಂತು ನೋಡಬೇಕು ಅಂತ ಅದಕ್ಕಿಂತ ಮೊದಲು ನಾನೂ ಪ್ರಯತ್ನ ಪಟ್ಟಿದ್ದೆ. ಬೇಗ ಎದ್ದು ಸುಮ್ನೆ ಅರ್ಧ ಗಂಟೆ ನಡೆದು ಬರಬೇಕು ಅಂದುಕೊಂಡೆ. ನಾಲ್ಕು ದಿನ ನಡೆಯಿತು, ಐದನೇ ದಿನ ಮಗುವಿಗೆ ಜ್ವರ. ಹಾಗಾಗಿ ನನ್ನ ಮೊದಲ ಸಲಹೆ: ಇದಕ್ಕೆ ಬೇರೆ ಸಮಯ ತೆಗೆದಿಡಬೇಡಿ. ಕೈಗೆ ಕೆಲಸ ಇದ್ದು ಕಣ್ಣಿಗೆ ಬಿಡುವಿರುವ ಹೊತ್ತು ಎಲ್ಲರಿಗೂ ಇರುತ್ತದೆ ಅಲ್ವಾ? ಬಕೆಟ್ ತುಂಬುವವರೆಗೆ ನಿಲ್ಲುವುದು, ಬಟ್ಟೆ ಒಣಹಾಕುವುದು, ಬಸ್ಸಿಗೆ ಕಾಯುವುದು. ಇಂಥ ಒಂದು ಹೊತ್ತನ್ನು ಆರಿಸಿಕೊಳ್ಳಿ. ಒಂದೇ ಸಾಕು.

ನನ್ನದು ಪಾತ್ರೆ ತೊಳೆಯುವ ಹೊತ್ತು. ನೀವೂ ಇದನ್ನು ಮಾಡಿ ನೋಡಿ. ಸೋಪಿನ ನೀರಿನಲ್ಲಿ ಕೈ ಅದ್ದಿ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ನಿಧಾನ ಮೇಲೆತ್ತಿ. ಉಂಗುರದೊಳಗೆ ತೆಳ್ಳನೆಯ ಪೊರೆ ನಿಂತಿರುತ್ತದೆ. ಕಿಟಕಿಯ ಬೆಳಕು ಅದರ ಮೇಲೆ ಬೀಳುವ ಹಾಗೆ ನೆಟ್ಟಗೆ ಹಿಡಿಯಿರಿ, ಅಲುಗಾಡಿಸಬೇಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಗುಲಾಬಿ, ಹಸಿರು, ಹಳದಿ ಪಟ್ಟಿಗಳು ಒಂದರ ಹಿಂದೆ ಒಂದು ಕೆಳಕ್ಕೆ ಇಳಿಯುತ್ತವೆ. ನೀರು ಕೆಳಗೆ ಜಾರಿದಂತೆ ಪೊರೆಯ ಮೇಲ್ಭಾಗ ತೆಳುವಾಗುತ್ತಾ ಹೋಗುತ್ತದೆ. ಪೊರೆಯ ಮುಂದಿನ ಮೈಯಿಂದಲೂ ಹಿಂದಿನ ಮೈಯಿಂದಲೂ ಬೆಳಕು ವಾಪಸು ಬರುತ್ತದೆ. ಅವೆರಡೂ ಬೆರೆತಾಗ ಕೆಲವು ಬಣ್ಣ ಅಳಿಸುತ್ತವೆ, ಕೆಲವು ಎದ್ದು ಕಾಣುತ್ತವೆ. ಯಾವ ಬಣ್ಣ ಎಂಬುದು ಆ ಜಾಗದ ದಪ್ಪಕ್ಕೆ ತಕ್ಕಂತೆ. ಕೊನೆಗೆ ಮೇಲ್ಗಡೆ ಬೆಳ್ಳಿಯಂತಾಗಿ, ಆಮೇಲೆ ಕಪ್ಪು ಮಚ್ಚೆಯೊಂದು ಹುಟ್ಟುತ್ತದೆ. ಅಲ್ಲಿ ಪೊರೆ ನಮ್ಮ ಕೂದಲಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ತೆಳು. ಆ ಕಪ್ಪು ಕಂಡರೆ ಉಸಿರು ಬಿಗಿ ಹಿಡಿಯುತ್ತೇನೆ. ಎಷ್ಟೋ ಸಲ ಅದು ಹುಟ್ಟುವ ಮೊದಲೇ ಪೊರೆ ಒಡೆಯುತ್ತದೆ. ಬೇಸರ ಬೇಡ, ಮತ್ತೆ ಕೈ ಅದ್ದಿ.

ಇದೆಲ್ಲ ತಿಳಿದುಕೊಂಡರೆ ಚೆಂದ ಹಾಳಾಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಏನಾಗುತ್ತಿದೆ ಅಂತ ಗೊತ್ತಿದ್ದರೆ ಮುಂದೇನು ಅಂತ ಕಣ್ಣು ಕಾಯುತ್ತದೆ, ಅಲ್ಲೇ ನಿಲ್ಲುತ್ತದೆ. ಮರದ ಕೆಳಗೆ ಬೀಳುವ ಬಿಸಿಲ ಚುಕ್ಕೆಗಳನ್ನೇ ನೋಡಿ. ಎಲೆಗಳ ನಡುವಿನ ಸಂದಿ ಒಂದೊಂದೂ ಒಂದೊಂದು ಆಕಾರ, ಆದರೆ ಕೆಳಗಿನ ಚುಕ್ಕೆಗಳು ಹೆಚ್ಚಿನವು ಗುಂಡಗೆ. ಯಾಕೆಂದರೆ ಅವು ಸೂರ್ಯನ ಬಿಂಬಗಳು. ಗ್ರಹಣ ಹಿಡಿದಾಗ ಅವೇ ಚುಕ್ಕೆಗಳು ಕುಡುಗೋಲಿನಂತೆ ಬಾಗುತ್ತವೆ. ಇದು ತಿಳಿದ ಮೇಲೆ ಬಸ್ ಸ್ಟಾಪಿನ ಮರದ ಕೆಳಗೆ ನಾನು ಕಾಲಿಡುವ ಜಾಗ ನೋಡಿಕೊಂಡು ನಿಲ್ಲುತ್ತೇನೆ.

ಇನ್ನೊಂದು ಮಾತು. ದಿನಾ ಹೊಸದನ್ನು ಹುಡುಕಿಕೊಂಡು ಹೋಗಬೇಡಿ. ಒಂದೇ ಗೋಡೆ, ಒಂದೇ ಮರ ಇರಲಿ. ನಾನು ಭಾನುವಾರಕ್ಕೊಮ್ಮೆ ಅದೇ ಗಂಟೆಗೆ ಬಿಸಿಲಿನ ಮೂಲೆಗೆ ಗೆರೆ ಹಾಕಿ ತಾರೀಖು ಬರೆಯುತ್ತೇನೆ. ಗೆರೆಗಳು ತಿಂಗಳುಗಟ್ಟಲೆ ಒಂದೇ ಕಡೆ ಸಾಗಿ, ಡಿಸೆಂಬರ್ 21ರ ಆಸುಪಾಸಿನಲ್ಲಿ ಒಂದರ ಮೇಲೊಂದು ಬಂದು, ನಿಧಾನ ಹಿಂದಕ್ಕೆ ತಿರುಗಿದವು. ಜೂನ್ 21ರ ಹೊತ್ತಿಗೆ ಮತ್ತೆ ಹಾಗೇ. ಗೋಡೆಗೆ ಬಣ್ಣ ಹೊಡೆಸೋಣ ಅಂತ ಮನೆಯವರು ಕೇಳುತ್ತಲೇ ಇದ್ದಾರೆ, ನಾನು ಒಪ್ಪುತ್ತಿಲ್ಲ.

ಫೋಟೋ ತೆಗೆಯಬಾರದು ಅಂತಲ್ಲ. ಮೊದಲು ಕಣ್ಣು ತುಂಬ ನೋಡಿ, ಆಮೇಲೆ ತೆಗೆಯಿರಿ.

ಹಗಲೆಲ್ಲ ಕೆಲಸದಲ್ಲೇ ಹೋದರೆ ಮುಸ್ಸಂಜೆ ಉಳಿದಿರುತ್ತದೆ. ಕಿಟಕಿ ಹತ್ತಿರ ಒಂದು ಕೆಂಪು ವಸ್ತು, ಒಂದು ಹಸಿರು ವಸ್ತು ಇಡಿ. ಹೂವು ಎಲೆಯಾದರೂ ಸರಿ, ಕೆಂಪು ಟವೆಲ್ ಆದರೂ ಸರಿ. ದೀಪ ಹಾಕುವುದನ್ನು ಹತ್ತು ಹದಿನೈದು ನಿಮಿಷ ಮುಂದೂಡಿ. ಕತ್ತಲು ಇಳಿದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ಹಸಿರು ಇನ್ನೂ ತಿಳಿಯಾಗಿ ಉಳಿದಿರುತ್ತದೆ. ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಳ್ಳುವಾಗ ಆಗುವ ಬದಲಾವಣೆ ಇದು. 19ನೇ ಶತಮಾನದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಗುರುತಿಸಿದರು, ಅವರ ಹೆಸರೇ ಇದಕ್ಕಿದೆ. ನಮ್ಮ ಮನೆಯಲ್ಲಿ ಮಗಳ ಕೆಂಪು ಚೆಂಡು ಕಿಟಕಿ ಕಟ್ಟೆ ಮೇಲಿರುತ್ತದೆ. "ಹೋಯ್ತು!" ಅಂತ ಅವಳು ಕೂಗಿದ ಮೇಲೆಯೇ ನಾನು ಸ್ವಿಚ್ ಹಾಕುವುದು.